ಕೆರೆದ ನಂಬರು

ಅಜ್ಜಂಪುರ,
೨೭-೮-೨೦೨೪, ಮಂಗಳವಾರ

ರೀ,

ಪ್ರೀತಿಯ ಎಂದು ಶುರು ಮಾಡೋಣವೆಂದರೆ, ಭಿಕ್ಷುವಾಗಿ ಚೀವರ ಉಟ್ಟವರಿಗೆ ಹಾಗೆ ಬರೆಯಬಹುದೋ ಬಾರದೋ ಗೊತ್ತಿಲ್ಲ. ಭಂತೇಜಿ ಎಂದು ಬರೆದು ನೋಡಿದೆ, ಯಾರೋ ಪರವೂರಿನವರಿಗೆ ಅರ್ಜಿ ಬರೆದ ಹಾಗಾಯಿತು, ಹರಿದು ಹಾಕಿದೆ. ಅಲ್ಲಿ ನಿಮಗಿಟ್ಟಿರುವ ಹೊಸ ಹೆಸರು ನನ್ನ ನಾಲಿಗೆಗೆ ಇನ್ನೂ ಹೊರಳುತ್ತಿಲ್ಲ. ಅದಕ್ಕೇ ಮನೆಯಲ್ಲಿ ಕರೆಯುವ ಹಾಗೆಯೇ ಕರೆದಿದ್ದೇನೆ. ತಪ್ಪಾಗಿದ್ದರೆ ನಿಮ್ಮ ಗುರುಗಳ ಹತ್ತಿರ ನನ್ನ ಪರವಾಗಿ ಕ್ಷಮೆ ಕೇಳಿಬಿಡಿ. ಹೇಗಿದ್ದೀರಿ? ತಲೆ ಬೋಳಿಸಿದ ಮೇಲೆ ಶೀತ ಆಗಿಲ್ಲ ತಾನೇ? ಗಾಳಿಗೆ ಕಿವಿ ಕೊಟ್ಟರೆ ಹಲ್ಲುನೋವು ಬರುವುದು ನಿಮ್ಮ ಹಳೇ ಕಾಯಿಲೆ, ಹತ್ತಿ ಇಟ್ಟುಕೊಳ್ಳಿ. ಮಧ್ಯಾಹ್ನದ ಮೇಲೆ ಊಟವಿಲ್ಲವಂತೆ ಅಲ್ಲಿ. ರಾತ್ರಿ ಮುದ್ದೆ ಬೀಳದಿದ್ದರೆ ಮಗ್ಗುಲು ಬದಲಿಸುತ್ತಲೇ ಇರುತ್ತಿದ್ದ ನೀವು ಹೇಗೆ ನಿದ್ದೆ ಮಾಡುತ್ತಿದ್ದೀರೋ! ಗ್ಯಾಸ್ಟ್ರಿಕ್ ಮಾತ್ರೆಯನ್ನು ಚೀಲದ ಪಕ್ಕದ ಜೇಬಿನಲ್ಲಿ ಇಟ್ಟಿದ್ದೆ. ಸಿಕ್ಕಿತೋ, ಇಲ್ಲ ಚೀಲವನ್ನೂ ಹೊರಗೇ ಇರಿಸಿಕೊಂಡರೋ ತಿಳಿಯದು.

ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯುವುದು ರೂಢಿ. ಬರೆಯಲು ಕೈ ಏಳುತ್ತಿಲ್ಲ. ನಿಮ್ಮಪ್ಪನ ಆಕ್ಸಿಜನ್ ಮೆಷಿನ್ ಸುಟ್ಟುಹೋಗಿದೆ. ಅದರ ಪವರ್ ಸಪ್ಲೈಗೆ ಹೋದ ವರ್ಷ ನೀವು ಒಂದು ಎಂಟು ಕಾಲಿನ ಐ.ಸಿ. ಚಿಪ್ ಹಾಕಿದ್ದಿರಲ್ಲ, ಅದರ ನಂಬರು ಬೇಕು. ಇಷ್ಟನ್ನೇ ಬರೆದಿದ್ದರೆ ಒಂದು ಕಾರ್ಡು ಸಾಕಾಗುತ್ತಿತ್ತು. ಆದರೆ ನಡೆದದ್ದನ್ನು ಯಾರ ಹತ್ತಿರವಾದರೂ ಹೇಳಿಕೊಳ್ಳದಿದ್ದರೆ ನನ್ನ ತಲೆ ಕೆಟ್ಟುಹೋಗುತ್ತದೆ. ಹೇಳಿಕೊಳ್ಳಲು ನಿಮ್ಮನ್ನು ಬಿಟ್ಟರೆ ನನಗೆ ಯಾರಿದ್ದಾರೆ?

ಹೋದ ಗುರುವಾರ ಆದದ್ದು. ಬೆಳಿಗ್ಗೆಯಿಂದ ಒಂದೇ ಸಮ ಗಾಳಿ. ಶಿವನಿ ಕಡೆಯಿಂದ ಮೋಡ ಕವಿದುಕೊಂಡು ಬಂದು, ಹನಿ ಬೀಳುವ ಮೊದಲೇ ನಮ್ಮ ಬೀದಿಯ ಟ್ರಾನ್ಸ್‌ಫಾರ್ಮರಿನಲ್ಲಿ ನ್ಯೂಟ್ರಲ್ ತಂತಿ ಕಿತ್ತುಕೊಂಡಿತು. ನೀವಿದ್ದಿದ್ದರೆ ಬಲ್ಬು ಬೆಳ್ಳಗಾಗುತ್ತಿದ್ದ ಹಾಗೆಯೇ ಓಡಿಬಂದು ಮೇನ್ ಸ್ವಿಚ್ ಕೆಳಗಿಳಿಸುತ್ತಿದ್ದಿರಿ. ನಾನು ನಮ್ಮ ರಿಪೇರಿ ಅಂಗಡಿಯಲ್ಲಿದ್ದೆ. ಮನೆಯಲ್ಲಿದ್ದ ಅತ್ತೆ ಅಡಿಗೆಮನೆಯ ಬಲ್ಬು ಹಾಗೆ ಉರಿಯುವುದನ್ನು ಕಂಡು, "ಇವತ್ತು ಕರೆಂಟು ಜೋರಾಗೈತೆ" ಎಂದು ಸಂತೋಷಪಟ್ಟುಕೊಂಡು ರುಬ್ಬಲು ಕೂತರಂತೆ. ಅವರದೇನು ತಪ್ಪು? ಈ ಬೀದಿಯಲ್ಲಿ ವರ್ಷವೆಲ್ಲ ಬಲ್ಬು ಮಿಣಮಿಣ ಎನ್ನುವುದನ್ನೇ ನೋಡಿದವರು. ಕರೆಂಟು ಹೆಚ್ಚಾದರೆ ಒಳ್ಳೆಯದೇ ಎಂದುಕೊಳ್ಳುವುದು ನಮ್ಮೂರಿನವರೆಲ್ಲರ ಬುದ್ಧಿ. ಆಮೇಲೆ ಬಲ್ಬು ಒಡೆಯಿತು, ಮಿಕ್ಸಿ ಹೊಗೆಯಾಡಿತು, ಎದುರು ಮನೆಯ ಟಿವಿ ಹೋಯಿತು. ಮಾವನ ಮಂಚದ ಪಕ್ಕದಲ್ಲಿ ಸ್ಟೆಬಿಲೈಜರ್ ಬೆಂದು ನಾತ ಹೊಡೆಯಿತು, ಹಿಂದೆಯೇ ಮೆಷಿನ್‌ನ ಒಳಗೆ ಟಪ್ ಎಂದಿತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಶಿವಮೊಗ್ಗದ ಯಾವುದೋ ನರ್ಸಿಂಗ್ ಹೋಮಿನವರು ಗುಜರಿಗೆ ಹಾಕಿದ್ದ ಮೆಷಿನ್ನನ್ನು ಹೊತ್ತು ತಂದು, ನೀವು ಎಷ್ಟು ದಿನ ಅದರ ಮುಂದೆ ಕೂತು ಜೀವ ಕೊಟ್ಟಿದ್ದಿರಿ! ಸಂಜೆ ಲೈನ್‌ಮನ್ ಬಂದು ತಂತಿ ಕಟ್ಟಿ ಹೋದರು. ಕಟ್ಟಬಹುದಾದದ್ದು ಅದೊಂದೇ.

ಮಾವನ ಸ್ಥಿತಿ ನಿಮಗೆ ಗೊತ್ತಿರುವುದೇ. ಕ್ವಾರಿಯ ಕಲ್ಲುಧೂಳು ಕುಡಿದು ಕುಡಿದು ಗಟ್ಟಿಯಾದ ಎದೆ ಅವರದು. ಮೆಷಿನ್ ಇದ್ದಾಗ ಗೋಡೆಗೊರಗಿ ಕೂತು ಕಾಫಿ ಕುಡಿಯುತ್ತಿದ್ದರು, ನನ್ನಿಂದ ಪೇಪರ್ ಓದಿಸಿಕೊಂಡು ಅದರಲ್ಲಿದ್ದವರಿಗೆಲ್ಲ ಬೈಯುತ್ತಿದ್ದರು. ಈಗ ಸಿಲಿಂಡರ್ ನಂಬಿಕೊಂಡ ಬದುಕು. ನಿಮ್ಮ ಸ್ನೇಹಿತ ಧರ್ಮೇಶ್ ಬಾಡಿಗೆ ಬಿಟ್ಟು ತನ್ನ ಆಟೋದಲ್ಲಿ ತರೀಕೆರೆಗೆ ಓಡುತ್ತಿದ್ದಾನೆ, ಅಲ್ಲಿ ಸಿಗದಿದ್ದರೆ ಕಡೂರಿಗೆ. ಒಂದನ್ನು ಇಳಿಸುವ ಹೊತ್ತಿಗೆ ಮೊದಲಿನದು ಮುಗಿಯುತ್ತ ಬಂದಿರುತ್ತದೆ. ಅವನು ಬರುವುದು ತಡವಾದರೆ ಗುಂಡಿ ತಿರುಗಿಸಿ ಕಮ್ಮಿ ಮಾಡುವುದು ನನ್ನ ಕೆಲಸ. ಬೇಸಿಗೆಯಲ್ಲಿ ಮನೆಮಂದಿಗೆ ನೀರು ಅಳೆದು ಕೊಡುವ ಹಾಗೆ ಅವರಿಗೆ ಉಸಿರು ಅಳೆದು ಕೊಡುತ್ತಿದ್ದೇನೆ. ಈ ಪಾಪದ ಕೆಲಸ ನನ್ನ ಶತ್ರುವಿಗೂ ಬೇಡ. ದೊಡ್ಡಾಸ್ಪತ್ರೆಗೆ ಹೋಗೋಣವೆಂದರೆ, "ಅಲ್ಲಿಗೆ ನಡ್ಕಂಡ್ ಹೋದೋರ್ನ ಹೊತ್ಕಂಡ್ ಬತ್ತಾರೆ, ನಾ ಒಲ್ಲೆ" ಎಂದು ಮಂಚದ ಪಟ್ಟಿ ಹಿಡಿದುಕೊಳ್ಳುತ್ತಾರೆ. ಬಾಡಿಗೆ ಮೆಷಿನ್‌ಗೆ ಶಿವಮೊಗ್ಗದಲ್ಲಿ ಹೆಸರು ಬರೆಸಿದ್ದೇವೆ, ನಮ್ಮ ಸರದಿ ಬಂದಿಲ್ಲ. ಮೆಷಿನ್ ಮಾರುವವನಿಗೆ ಫೋನ್ ಮಾಡಿದರೆ, "ಆ ಮಾಡೆಲ್ ನಿಂತೋಯ್ತು ಮೇಡಂ, ಬೋರ್ಡ್ ಬರಲ್ಲ" ಎಂದು ಇಟ್ಟೇಬಿಟ್ಟ. ತರೀಕೆರೆಯ ಡಾಕ್ಟರು ನಿನ್ನೆ ಮನೆಗೇ ಬಂದು ನೋಡಿ ಹೋಗಿದ್ದಾರೆ.

ಬೋರ್ಡು ಬಿಚ್ಚಿದವಳು ನಾನೇ. ಹೆದರಬೇಡಿ, ನೀವು ಕಲಿಸಿದ ಕ್ರಮದಲ್ಲೇ ಹೋದೆ. ಮೊದಲು ದೊಡ್ಡ ಕೆಪಾಸಿಟರಿಗೆ ಬಲ್ಬು ಕೊಟ್ಟು ಒಳಗಿದ್ದ ಕರೆಂಟು ಖಾಲಿ ಮಾಡಿದೆ. ಮದುವೆಯಾದ ಹೊಸದರಲ್ಲಿ ಅದು ನನಗೆ ಹೊಡೆದದ್ದು, ನಾನು ಸ್ಟೂಲಿನಿಂದ ಬಿದ್ದದ್ದು, ನೀವು ಮೊದಲು ಬೋರ್ಡು ನೋಡಿ ಆಮೇಲೆ ನನ್ನನ್ನು ನೋಡಿದ್ದು, ಯಾವುದನ್ನೂ ಮರೆತಿಲ್ಲ. ಫ್ಯೂಸಿನ ಗಾಜು ಒಳಗೆ ಕಪ್ಪಗಾಗಿತ್ತು. ಹೊಸದು ಹಾಕಿ, ನೇರ ಕರೆಂಟು ಕೊಡದೆ ಸೀರೀಸ್ ಬಲ್ಬಿನ ಮೂಲಕ ಕೊಟ್ಟೆ. ಬಲ್ಬು ಪೂರ್ತಿ ಉರಿಯಿತು, ಒಳಗೆ ಶಾರ್ಟ್ ಇದೆ ಎಂದಾಯಿತು. ನಾಲ್ಕು ಡಯೋಡಿನಲ್ಲಿ ಎರಡು ಸತ್ತಿದ್ದವು, ಕೆಪಾಸಿಟರಿನ ತಲೆ ಉಬ್ಬಿತ್ತು, ಕರೆಂಟನ್ನು ಹಿಡಿದು ಬಿಡುವ ಮಾಸ್‌ಫೆಟ್‌ನ ಯಾವ ಕಾಲಿಗೆ ಮುಟ್ಟಿಸಿದರೂ ಮೀಟರು ಕುಂಯ್ ಎನ್ನುತ್ತಿತ್ತು. ನೀವು ಬಿಸಾಡಲು ಬಿಡದ ಹಳೇ ಟಿವಿ ಬೋರ್ಡುಗಳಿಂದ ಒಂದೊಂದನ್ನೇ ಕಿತ್ತು ಹಾಕಿದೆ. ಮತ್ತೆ ಕೊಟ್ಟಾಗ ಬಲ್ಬು ಒಂದು ಸಲ ಮಿಂಚಿ ಆರಿತು. "ಬಲ್ಬು ಆರಿದ್ರೆ ಬೋರ್ಡು ಬದುಕ್ತು" ಎನ್ನುತ್ತಿದ್ದಿರಲ್ಲ, ಅದನ್ನು ನಂಬಿ ಮನೆಗೆ ಓಡಿಹೋಗಿ ಅತ್ತೆಗೆ ಹೇಳಿದೆ. ಅತ್ತೆ ಮಾವನಿಗೆ ಹೇಳಿದರು. ಮಾವ ಮೂಗಿನ ನಳಿಕೆಯ ಮೇಲಿಂದಲೇ ನಕ್ಕರು. ಅಷ್ಟು ಆತುರ ಪಡಬಾರದಿತ್ತು ನಾನು.

ವಾಪಸು ಬಂದು ಮೀಟರು ಇಟ್ಟರೆ, ಈ ಕಡೆ ಮುನ್ನೂರು ವೋಲ್ಟ್ ಗಟ್ಟಿಯಾಗಿ ನಿಂತಿದೆ, ಆ ಕಡೆ ಔಟ್‌ಪುಟ್‌ನಲ್ಲಿ ಸೊನ್ನೆ. ಟಿಕ್ ಟಿಕ್ ಎಂದು ಏಳಲು ಒದ್ದಾಡುವ ಸದ್ದಾದರೂ ಬರಬೇಕಲ್ಲ, ಅದೂ ಇಲ್ಲ. ಸ್ಟಾರ್ಟಿಂಗ್ ರೆಸಿಸ್ಟರ್ ಹೋಗಿತ್ತು, ಬದಲಿಸಿದೆ. ಏನೂ ಆಗಲಿಲ್ಲ. ಕಂಪ್ರೆಸರಿಗೇನೂ ಆಗಿಲ್ಲ, ಅದು ನೇರ ಕರೆಂಟಿನಲ್ಲಿ ಗುರ್ ಎಂದು ಓಡುತ್ತದೆ. ಆದರೆ ಗಾಳಿಯನ್ನು ಸೋಸುವ ವಾಲ್ವುಗಳನ್ನು ತೆರೆದು ಮುಚ್ಚುವುದು ಈ ಬೋರ್ಡು. ಬೋರ್ಡಿಗೆ ಜೀವ ಕೊಡುವುದು ಈ ಸಪ್ಲೈ. ಸಪ್ಲೈಗೆ ಯಜಮಾನ ಆ ಎಂಟು ಕಾಲಿನ ಐ.ಸಿ. ಉಳಿದದ್ದು ಅದೊಂದೇ ಎಂದು ಭೂತಗನ್ನಡಿ ಹಿಡಿದು ನೋಡಿದರೆ, ರೀ, ಅದರ ನೆತ್ತಿ ಈಗ ನಿಮ್ಮದಿರುವ ಹಾಗೆ ಬೋಳು. ನಂಬರು ಇರಬೇಕಾದ ಕಡೆ ಬ್ಲೇಡಿನ ಗೀರುಗಳು. ಬಲದಿಂದ ಎಡಕ್ಕೆ ಓರೆಯಾಗಿ ಎಳೆದ ಗೀರು, ನಿಮ್ಮದೇ ಕೈ. ಬೇರೆಯವರದಾಗಿದ್ದರೆ ಶಾಪ ಹಾಕಿಯಾದರೂ ಸಮಾಧಾನ ಮಾಡಿಕೊಳ್ಳುತ್ತಿದ್ದೆ.

ನೀವು ಯಾಕೆ ಕೆರೆಯುತ್ತೀರೆಂದು ನನಗೆ ಗೊತ್ತಿಲ್ಲವೇ? ನಮ್ಮ ಅಂಗಡಿಯಲ್ಲಿ ರೋಗ ಕಂಡುಹಿಡಿಸಿಕೊಂಡು, ಐ.ಸಿ. ನಂಬರು ನೋಡಿಕೊಂಡು, "ನಾಳೆ ಬತ್ತೀನಿ ಬಿಡು ಧನಪಾಲ" ಎಂದು ಬೋರ್ಡು ಎತ್ತಿಕೊಂಡು ಹೋಗಿ ಪೇಟೆಬೀದಿಯಲ್ಲಿ ರಿಪೇರಿ ಮಾಡಿಸಿದವರು ಒಬ್ಬರೇ ಇಬ್ಬರೇ? ಬೀದಿ ಬದಲಾದರೆ ಐ.ಸಿ. ಬದಲಾಗುವುದಿಲ್ಲ, ಕೂತು ಕೆಲಸ ಮಾಡುವವನು ಬದಲಾಗುತ್ತಾನೆ ಅಷ್ಟೆ. ಅದು ಯಾಕೆಂದು ಅವರಿಗೂ ಗೊತ್ತು, ನಮಗೂ ಗೊತ್ತು. ಹಾಗಾಗಿ ಹೊಸ ಐ.ಸಿ. ಹಾಕುವುದು, ಓಡಿಸಿ ನೋಡುವುದು, ಬ್ಲೇಡು ತೆಗೆದುಕೊಂಡು ನಂಬರು ಕೆರೆಯುವುದು, ಮೂರೂ ಸೇರಿದರೇ ನಿಮಗೆ ರಿಪೇರಿ. ನಾನು ಎಂದೂ ಬೇಡ ಎನ್ನಲಿಲ್ಲ. ಮತ್ತೆ ಕೆಟ್ಟಾಗ ನಮ್ಮ ಬಾಗಿಲಿಗೇ ಬರಲಿ ಎಂದು ನನಗೂ ಇತ್ತು. ಆದರೆ ಇದು ಮನೆಯ ಮೆಷಿನ್ ಅಲ್ಲವೇನ್ರೀ? ನಿಮ್ಮಪ್ಪನ ಮೂಗಿಗೆ ಹೋಗುವ ಗಾಳಿಯನ್ನು ಯಾರು ಪೇಟೆಬೀದಿಗೆ ಎತ್ತಿಕೊಂಡು ಹೋಗುತ್ತಿದ್ದರು? ಬೇಕೆಂದು ಮಾಡಿರುವುದಿಲ್ಲ, ಗೊತ್ತು. ಏನೋ ಮಾತಾಡುತ್ತಾ ಕೈ ತನ್ನ ಪಾಡಿಗೆ ತಾನು ಬ್ಲೇಡು ಎತ್ತಿಕೊಂಡಿರುತ್ತದೆ. ಆ ಕೈಯನ್ನು ನೆನೆದರೆ ಒಂದು ಗಳಿಗೆ ಕೋಪ ಬರುತ್ತದೆ, ಇನ್ನೊಂದು ಗಳಿಗೆ ಅಳು ಬರುತ್ತದೆ.

ನಂಬರು ಓದಲು ಮಾಡದ ಉಪಾಯವಿಲ್ಲ. ಸೀಮೆಸುಣ್ಣದ ಪುಡಿ ತಿಕ್ಕಿದೆ, ಎಣ್ಣೆ ಸವರಿದೆ, ಟಾರ್ಚನ್ನು ಪಕ್ಕದಿಂದ ಹಿಡಿದೆ. ಕೊನೆಯಲ್ಲಿ ಒಂದು ಎಂಟೋ ಮೂರೋ ಇದ್ದ ಹಾಗೆ ಕಂಡಿತು. ಅತ್ತೆಯನ್ನು ಕರೆದು ತೋರಿಸಿದರೆ, "ನಂಗೆ ಇಲಿ ಹಿಕ್ಕೆ ಹಂಗೆ ಕಾಣ್ತದೆ ಕಣವ್ವ" ಎಂದರು. ನೀವು ಮನೆಯಲ್ಲೇ ಬಿಟ್ಟುಹೋದ ಫೋನು ತೆಗೆದು ಫೋಟೋಗಳನ್ನೆಲ್ಲ ಹುಡುಕಿದೆ. ಬೋರ್ಡುಗಳ ಫೋಟೋ ರಾಶಿ ರಾಶಿ ಇವೆ, ಒಂದೊಂದನ್ನೂ ಕೆರೆದ ಮೇಲೆ ತೆಗೆದದ್ದು! ನಿಮ್ಮ ಡಬ್ಬದಲ್ಲಿ ಎಂಟು ಕಾಲಿನವು ಬೇಕಾದಷ್ಟಿವೆ, ಆದರೆ ಒಂದೊಂದರ ಕಾಲಿನ ಲೆಕ್ಕ ಒಂದೊಂದು ಥರ. ತಪ್ಪಿದ್ದನ್ನು ಹಾಕಿದರೆ ಇರುವುದೂ ಹೋಗುತ್ತದೆ ಎಂದು ಮುಟ್ಟಲು ಹೆದರಿ, ಡಬ್ಬದ ಮುಚ್ಚಳ ಹಾಕಿಟ್ಟೆ.

ಕೊನೆಗೆ ಕಡೂರಿನ ದುಶ್ಯಂತ್‌ಗೆ ಹೇಳಿ ಕಳಿಸಿದೆ. ಸಿಟ್ಟಾಗಬೇಡಿ. ನಿಮ್ಮ ಜೊತೆ ಕಲಿತವನು, ನಿಮ್ಮ ಕೆಲಸ ಕದ್ದು ತನ್ನ ಅಂಗಡಿ ಇಟ್ಟ ಎಂದು ನೀವು ಮಾತು ಬಿಟ್ಟವನು. ಆದರೆ ಹೇಳಿ ಕಳಿಸಿದ್ದೇ ತಡ, ಉಟ್ಟ ಬಟ್ಟೆಯಲ್ಲಿ ಚೀಲ ಹಾಕಿಕೊಂಡು ಬಂದ. ಮಾವನ ಕಾಲು ಮುಟ್ಟಿ ಬಂದು ಅಂಗಡಿಯಲ್ಲಿ ಕೂತ. ಐ.ಸಿ.ಯ ಒಂದೊಂದು ಕಾಲು ಎಲ್ಲಿಗೆ ಹೋಗಿದೆ ಎಂದು ಬೋರ್ಡಿನ ಹಿಂದಿನಿಂದ ಗೆರೆ ಹಿಡಿದು ಹುಡುಕಿದ. ಹೊರಗಿನಿಂದ ಬೇರೆ ಸಪ್ಲೈ ಕೊಟ್ಟೂ ನೋಡಿದ. ವಾಲ್ವು ಎರಡು ಸಲ ಬಡಿದು ಕೆಂಪು ದೀಪ ಹತ್ತಿ ಕೂಗಿಕೊಂಡಿತು. ಬೋರ್ಡು ಬೇರೆ ಬೇರೆ ವೋಲ್ಟ್ ಕೇಳುತ್ತದೆ, ಒಂದು ಹೆಚ್ಚು ಕಮ್ಮಿಯಾದರೆ ಕಂಟ್ರೋಲೂ ಹೋಗುತ್ತದೆ ಎಂದು ಬಿಟ್ಟ. ಕೊನೆಗೆ ಇದೇ ಇರಬೇಕೆಂದು ಅಂದಾಜಿನ ಮೇಲೆ ಒಂದು ಐ.ಸಿ. ಹಾಕಿ ಕರೆಂಟು ಕೊಟ್ಟ. ಹೊಸ ಮಾಸ್‌ಫೆಟ್ ಸಿಡಿದು ಚೂರು ಅವನ ಗಲ್ಲಕ್ಕೆ ಬಡಿಯಿತು, ಬೋರ್ಡಿನ ತಾಮ್ರದ ಗೆರೆಯೂ ಎದ್ದು ಬಂತು. ಅವನು ಗಲ್ಲ ಒರೆಸಿಕೊಂಡು, "ಅವನು ಕೆರೆಯಕ್ಕೆ ಶುರು ಮಾಡಿದ್ದು ನನ್ನಂಥೋರ್ಗೆ ಗೊತ್ತಾಗ್ಬಾರ್ದು ಅಂತ ಅತ್ಗೇ. ನೋಡಿ, ಗೊತ್ತಾಗ್ಲಿಲ್ಲ" ಎಂದ. ಅಣಕವಿರಲಿಲ್ಲ ಆ ಮಾತಿನಲ್ಲಿ. ಕಣ್ಣು ಕೆಂಪಾಗಿತ್ತು. ಗೆರೆ ಕಟ್ಟಿಕೊಟ್ಟು, ಬೇರೆ ಮಾಸ್‌ಫೆಟ್ ಇಟ್ಟು, ನಂಬರು ಗೊತ್ತಾದ ದಿನವೇ ಎಲ್ಲಿದ್ದರೂ ತಂದು ಹಾಕಿಕೊಡುತ್ತೇನೆ ಎಂದು ಹೇಳಿ ಹೋಗಿದ್ದಾನೆ. ನೀವು ಬಂದ ಮೇಲೆ ಅವನನ್ನು ಒಂದು ಸಲ ಮಾತಾಡಿಸಿ.

ಇದನ್ನೆಲ್ಲ ಮಾವನಿಗೆ ಹೇಳಬಾರದೆಂದಿದ್ದೆ. ಆದರೆ ಅವರಿಗೆ ಕಿವಿ ಮಾತ್ರ ಇನ್ನೂ ಚುರುಕಾಗಿದೆ. ನಾನೂ ದುಶ್ಯಂತನೂ ಬಾಗಿಲಲ್ಲಿ ಮಾತಾಡಿದ್ದನ್ನು ಕೇಳಿಸಿಕೊಂಡು ಕರೆದರು. ಹತ್ತಿರ ಕೂತೆ. ಒಂದು ಮಾತಿಗೊಂದು ಸಲ ನಿಲ್ಲಿಸಿಕೊಂಡು, "ಅವನ್ನ ಬೈಬ್ಯಾಡ ಕಣವ್ವ. ಕೆರೆಯೋ ಬುದ್ಧಿ ಹೇಳ್ಕೊಟ್ಟೋನು ನಾನೇ" ಎಂದರು. ನಿಮಗೆ ಗೊತ್ತಿರುವ ಕಥೆಯೇ ಇರಬೇಕು, ನನಗೆ ಗೊತ್ತಿರಲಿಲ್ಲ. ಕ್ವಾರಿಯಲ್ಲಿ ಬಂಡೆಯ ಎಳೆ ಯಾವ ಕಡೆ ಓಡಿದೆ, ಎಲ್ಲಿ ಉಳಿ ಇಟ್ಟರೆ ಹಲಗೆಯಂತೆ ಸೀಳುತ್ತದೆ ಎಂದು ಕೈಯಲ್ಲಿ ತಟ್ಟಿ ಹೇಳುತ್ತಿದ್ದವರು ಇವರೊಬ್ಬರೇ ಅಂತೆ. ಮಾಲೀಕನ ಕಡೆಯವರು ಜೊತೆಜೊತೆಗೇ ಓಡಾಡಿ, ಸುಣ್ಣದಲ್ಲಿ ಗುರುತು ಹಾಕಿಸಿಕೊಂಡು, ಅಷ್ಟನ್ನೂ ಕಲಿತ ಮೇಲೆ ಇವರನ್ನು ಕೆಳಗಿನ ಕ್ರಷರ್ ಧೂಳಿಗೆ ಇಳಿಸಿದರಂತೆ. ನೀವು ಮೊದಲ ಸಲ ಸಾಲ್ಡರ್ ಕಡ್ಡಿ ಹಿಡಿದ ದಿನ, "ಕಲ್ತಿದ್ದು ಎದೆ ಒಳಗಿರ್ಲಿ ಕಣೋ ಮಗ, ಗುರುತು ಹೊರಗೆ ಬಿಡಬ್ಯಾಡ" ಎಂದು ಹೇಳಿದ್ದು ತಾವೇ ಎಂದರು. ಹೇಳಿ ನಕ್ಕರು. ನಗು ಕೆಮ್ಮಾಯಿತು, ಕೆಮ್ಮು ನಿಲ್ಲಲೇ ಇಲ್ಲ, ಗುಂಡಿ ಪೂರ್ತಿ ತಿರುಗಿಸಬೇಕಾಯಿತು. ಆ ಮಾತು ತಪ್ಪೆಂದು ನಾನು ಹೇಗೆ ಹೇಳಲಿ? ಒಬ್ಬ ತಂದೆ ಮಗನಿಗೆ ಹೇಳಬೇಕಾದ ಮಾತೇ ಅದು. ಆದರೂ ಅದು ತಿರುಗಿ ಅವರದೇ ಕುತ್ತಿಗೆಗೆ ಬಂತಲ್ಲ ಎಂದು ಯೋಚಿಸಿದರೆ ನನಗೆ ಯಾವುದರ ಮೇಲೂ ನಂಬಿಕೆ ಉಳಿಯುತ್ತಿಲ್ಲ.

ನಿಮಗೆ ಹೇಗೆ ಮುಟ್ಟಿಸಬೇಕೆಂದು ಗೊತ್ತಾಗದೆ ಭಾನುವಾರವೇ ವಿಹಾರದ ಆಫೀಸಿಗೆ ಫೋನ್ ಮಾಡಿದ್ದೆ. ವಯಸ್ಸಾದವರೊಬ್ಬರು ತುಂಬ ಮರ್ಯಾದೆಯಿಂದ ಮಾತಾಡಿದರು. ಹೊಸದಾಗಿ ಚೀವರ ಉಟ್ಟವರೆಲ್ಲ ಈಗ ಮೌನದಲ್ಲಿದ್ದಾರೆ, ಜೀವಕ್ಕೆ ಅಪಾಯದ ಸಂಗತಿಯಾದರೆ ಈಗಲೇ ಎಬ್ಬಿಸಿ ಕಳಿಸುತ್ತೇವೆ, ಇಲ್ಲವಾದರೆ ಬಾಯಿಮಾತು ಮುಟ್ಟಿಸುವ ಹಾಗಿಲ್ಲ, ಕಾಗದ ಬರೆಯಿರಿ, ಕೊಡುತ್ತೇವೆ ಎಂದರು. ಅಪಾಯ ಇದೆಯೇನಮ್ಮ ಎಂದು ಕೇಳಿದರು. ಮಾವ ಮಂಚದಿಂದ ನನ್ನನ್ನೇ ನೋಡುತ್ತಿದ್ದರು. ಇಲ್ಲ ಎಂದುಬಿಟ್ಟೆ. ಯಾಕೆಂದರೆ ಫೋನು ಕೈಗೆ ತೆಗೆದುಕೊಳ್ಳುವ ಮೊದಲೇ ಅವರು ನನ್ನ ಕೈಯನ್ನು ಎಳೆದು ತಮ್ಮ ತಲೆಯ ಮೇಲೆ ಇಟ್ಟುಕೊಂಡು ಆಣೆ ಹಾಕಿಸಿಕೊಂಡಿದ್ದರು. "ನಂಬರು ಬೇಕಾದ್ರೆ ಕೇಳು. ಬಾ ಅನ್ಬ್ಯಾಡ. ನಾನು ಕೈಗೆತ್ಕೊಂಡಿದ್ದು ಒಂದೂ ಪೂರ್ತಿ ಮಾಡಕ್ಕೆ ಬಿಡ್ಲಿಲ್ಲ ಕಣವ್ವ ಈ ಜನ. ಅವನದಾದ್ರೂ ಮೂರು ತಿಂಗ್ಳು ಪೂರ್ತಿ ಆಗ್ಲಿ" ಎಂದರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದರೆ ನಾನು ಎಲ್ಲಿಗೆ ಹೋಗಲಿ? ಹೋದ ಸಲ ಅವರು ಆಸ್ಪತ್ರೆಯಿಂದ ಬದುಕಿ ಬಂದರೆ ಒಂದು ಮಳೆಗಾಲದ ಮೂರು ತಿಂಗಳು ಭಿಕ್ಷುಗಳ ಜೊತೆ ಇರುತ್ತೇನೆಂದು ನೀವು ಹೇಳಿಕೊಂಡಿರಿ. ಹರಕೆಯಾ ಎಂದು ನಾನು ಕೇಳಿದ್ದಕ್ಕೆ, ಹರಕೆಯಲ್ಲ ಸಂಕಲ್ಪ ಎಂದು ತಿದ್ದಿದಿರಿ. ಹೆಸರು ಯಾವುದಾದರೇನು, ಅವರಿಗಾಗಿ ಹೊರಟ ನೀವು ಅವರಿಗೆ ಬೇಕಾದಾಗ ಇಲ್ಲ.

ಅಲ್ಲಿ ಕಣ್ಣು ಮುಚ್ಚಿ ಕೂತು ಉಸಿರು ಒಳಗೆ ಹೋಗುವುದನ್ನು, ಹೊರಗೆ ಬರುವುದನ್ನು ನೋಡುತ್ತಿರಬೇಕಂತೆ, ಹೋಗುವ ಮೊದಲು ನೀವೇ ಹೇಳಿದ್ದು. ನಾನೂ ಇಲ್ಲಿ ಅದನ್ನೇ ಮಾಡುತ್ತಿದ್ದೇನೆ ರೀ. ಮಂಚದ ಪಕ್ಕ ಕೂತು ನಿಮ್ಮಪ್ಪನ ಉಸಿರು ಒಳಗೆ ಹೋಯಿತೇ, ಹೊರಗೆ ಬಂತೇ ಎಂದು ನೋಡುತ್ತಿದ್ದೇನೆ. ನಿಮಗೆ ಅದರಿಂದ ಶಾಂತಿ ಸಿಗುತ್ತಿದ್ದರೆ ಸಿಗಲಿ, ನನಗೆ ನಿದ್ದೆಯೂ ಸಿಗುತ್ತಿಲ್ಲ. ನೋಯಿಸಲು ಬರೆಯುತ್ತಿಲ್ಲ. ಸಾಕಾಗಿದೆ ನನಗೆ, ಅಷ್ಟೆ. ಅಂಗಡಿಯ ಬಾಗಿಲು ತೆಗೆದು ಸರಿಯಾಗಿ ವ್ಯಾಪಾರ ಮಾಡಿಲ್ಲ. ಅವತ್ತು ಸುಟ್ಟುಹೋದ ಸೆಟ್‌ಟಾಪ್ ಬಾಕ್ಸು, ಟಿವಿ, ಚಾರ್ಜರುಗಳನ್ನು ಇಡೀ ಬೀದಿ ತಂದು ಮೂಲೆಯಲ್ಲಿ ಒಟ್ಟಿದೆ. ಯಾವುದನ್ನು ಮುಟ್ಟಿದರೂ ಮಾಡಲಾರೆ ಅನ್ನಿಸುತ್ತದೆ. ಅತ್ತೆ ಬುದ್ಧನ ಪಟದ ಮುಂದೆ ನನ್ನ ಜೊತೆ ಕೂರುತ್ತಾರೆ. ಆಮೇಲೆ ಅಡಿಗೆಮನೆಗೆ ಹೋಗಿ, ಯಾರಿಗೂ ಗೊತ್ತಾಗುವುದಿಲ್ಲವೆಂದುಕೊಂಡು, ಅಂತರಘಟ್ಟಮ್ಮನ ಹೆಸರಲ್ಲಿ ಅಕ್ಕಿಡಬ್ಬದೊಳಗೆ ಕಾಸು ಕಟ್ಟಿಡುತ್ತಾರೆ. ನೋಡಿಯೂ ನೋಡದ ಹಾಗಿದ್ದೇನೆ. ನೀವಿದ್ದಿದ್ದರೆ ವಾದಕ್ಕೆ ನಿಲ್ಲುತ್ತಿದ್ದಿರಿ, ನನಗೆ ವಾದ ಮಾಡುವ ಶಕ್ತಿ ಇಲ್ಲ.

ಇಷ್ಟೇ ವಿಷಯ. ನಂಬರು ನೆನಪಿದ್ದರೆ ಒಂದು ಚೀಟಿಯಲ್ಲಿ ಬರೆದು ಆಫೀಸಿನವರ ಕೈಗೆ ಕೊಡಿ, ಅವರು ಫೋನಿನಲ್ಲಿ ಹೇಳುತ್ತಾರೆ. ಮೌನವೂ ಮುರಿಯುವುದಿಲ್ಲ. ಪೂರ್ತಿ ನೆನಪಿಲ್ಲದಿದ್ದರೆ ಎಷ್ಟು ನೆನಪಿದೆಯೋ ಅಷ್ಟು ಬರೆಯಿರಿ. ಅತ್ತೆ ನಿಮಗೆ ಆಶೀರ್ವಾದ ಹೇಳಿದ್ದಾರೆ, ಮರುಗಳಿಗೆಯೇ ಚೀವರ ಉಟ್ಟ ಮಗನಿಗೆ ತಾಯಿ ಕೈ ಮುಗಿಯಬೇಕೋ ಏನೋ ಎಂದು ಅನುಮಾನಪಟ್ಟು, ಎರಡನ್ನೂ ಬರಿ ಎಂದಿದ್ದಾರೆ. ಬರೆದಿದ್ದೇನೆ. ನಿಮ್ಮ ಗುರುಗಳಿಗೆ ನನ್ನ ವಂದನೆ. ಒದ್ದೆ ಬಟ್ಟೆಯಲ್ಲಿ ಕೂರಬೇಡಿ, ಕೊಟ್ಟಷ್ಟನ್ನು ಹೊಟ್ಟೆ ತುಂಬ ಉಣ್ಣಿ.

ನಿಮ್ಮ
ತ್ರಿವೇಣಿ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಬಂದಿರಲಿಲ್ಲ. ಧರ್ಮೇಶ್ ಬಾಗಿಲಲ್ಲಿ ನಿಂತು ಅವಸರ ಮಾಡುತ್ತಿದ್ದಾನೆ. ಇದನ್ನು ಅಂಚೆಗೆ ಹಾಕುತ್ತಿಲ್ಲ, ಅವನೇ ಬೀರೂರಿನಲ್ಲಿ ರೈಲು ಹತ್ತಿ ಯಾದಗಿರಿ ಕಡೆಗೆ ಹೊರಟಿದ್ದಾನೆ, ಬೆಳಿಗ್ಗೆಯಿಂದ ನಿಮ್ಮ ವಿಹಾರದ ಫೋನು ಹೋಗುತ್ತಿಲ್ಲ, ಅಲ್ಲೂ ಮಳೆಯೋ ಏನೋ. ನಿನ್ನೆ ಡಾಕ್ಟರು ನನ್ನೊಬ್ಬಳನ್ನೇ ಹೊರಗೆ ಕರೆದು, "ಇನ್ನು ಮೆಷಿನ್ ಇದ್ರೂ ಅಷ್ಟೇ ಇಲ್ದಿದ್ರೂ ಅಷ್ಟೇ ಅಮ್ಮ, ಬರೋರನ್ನ ಕರೆಸ್ಕೊಳ್ಳಿ" ಎಂದರು. ಅದು ಗೊತ್ತಿದ್ದೂ ಇಷ್ಟುದ್ದ ನಂಬರು ಕೇಳಿದೆ, ನಿಮ್ಮನ್ನು ಕೇಳಲು ಆಣೆ ನನಗೆ ಬಿಟ್ಟಿದ್ದು ಅದೊಂದೇ ಆಗಿತ್ತು. ಆಣೆ ಮುರಿದರೆ ತಲೆ ಮುಟ್ಟಿಸಿಕೊಂಡವರಿಗೆ ಕೇಡು ಎನ್ನುತ್ತಾರೆ. ಅದೆಲ್ಲ ಸುಳ್ಳು ಎಂದು ಕಲಿಸಿದವರು ನೀವು, ನಿಮ್ಮ ಮಾತು ನಂಬಿ ಮುರಿಯುತ್ತಿದ್ದೇನೆ, ಅವಸರದ ಅಕ್ಷರ ನೋಡಿ ನಗಬೇಡಿ. ನಂಬರು ಬೇಡ. ಧರ್ಮೇಶನ ಜೊತೆಯಲ್ಲೇ ಹೊರಟು ಬನ್ನಿ. ಮಾವ ಬೇಡ ಅಂದದ್ದು ಬಾಯಲ್ಲಿ ಮಾತ್ರ ರೀ. ಬೀದಿಯಲ್ಲಿ ಯಾವ ಬೈಕು ನಿಂತರೂ ದಿಂಬಿನಿಂದ ತಲೆ ಎತ್ತಿ ಬಾಗಿಲು ನೋಡುತ್ತಿದ್ದರು. ಇವತ್ತು ಮಧ್ಯಾಹ್ನದಿಂದ ತಲೆ ಎತ್ತಲು ಆಗುತ್ತಿಲ್ಲ, ಕಣ್ಣು ಮಾತ್ರ ಬಾಗಿಲ ಕಡೆ ತಿರುಗುತ್ತದೆ.